ಹೃದಯ ವೈಫಲ್ಯ ಇರುವವರು ಸೊರಗುತ್ತಿದ್ದರೆ ಅದು ಒಳ್ಳೆಯ ಸೂಚನೆಯೇ?

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಗೆ 71 ವರ್ಷ. ನಾಲ್ಕು ವರ್ಷದಿಂದ ಹೃದಯ ವೈಫಲ್ಯಕ್ಕೆ ಚಿಕಿತ್ಸೆ ನಡೆಯುತ್ತಿದೆ. ಎಕೋದಲ್ಲಿ ಇಎಫ್ (ಹೃದಯ ಹಿಂಡುವ ಶಕ್ತಿ) 30 ಎಂದು ಬಂದಿದೆ. ಹೋದ ವರ್ಷ 72 ಕೆಜಿ ಇದ್ದವರು ಈಗ 67ಕ್ಕೆ ಇಳಿದಿದ್ದಾರೆ. ಕೆನ್ನೆ ಬತ್ತಿದೆ, ಭುಜದ ಮೂಳೆ ಎದ್ದು ಕಾಣುತ್ತದೆ. ಆದರೆ ಕಾಲು ಮಾತ್ರ ಊದಿಕೊಂಡೇ ಇರುತ್ತದೆ, ಹೊಟ್ಟೆಯೂ ಉಬ್ಬಿದಂತಿದೆ. ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಸಾಕು ಎನ್ನುತ್ತಾರೆ. ಉಪ್ಪನ್ನು ಪೂರ್ತಿ ನಿಲ್ಲಿಸಿದ್ದೇವೆ, ಎಣ್ಣೆ ಬೆಣ್ಣೆ ಮುಟ್ಟಿಸುವುದಿಲ್ಲ. ಕಿಡ್ನಿಯ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.6 ಇರುವುದರಿಂದ ಮೊಟ್ಟೆ, ಬೇಳೆಯನ್ನೂ ಕಡಿಮೆ ಮಾಡಿದ್ದೇವೆ. ರಕ್ತದಲ್ಲಿರುವ ಪ್ರೋಟೀನ್ ಆದ ಆಲ್ಬುಮಿನ್ ಕಡಿಮೆಯಾಗಿ 2.8 ಬಂದಿದೆ. ಬಂಧುಗಳು “ತೂಕ ಇಳಿದಷ್ಟೂ ಹೃದಯಕ್ಕೆ ಹೊರೆ ಕಡಿಮೆ” ಎನ್ನುತ್ತಾರೆ. ಆದರೆ ಈ ಕಾಯಿಲೆಯಲ್ಲಿ ದಪ್ಪಗಿರುವವರೇ ಹೆಚ್ಚು ಕಾಲ ಬದುಕುತ್ತಾರೆ ಎಂದು ನಾನು ಓದಿದ್ದೇನೆ. ಯಾವುದನ್ನು ನಂಬಲಿ? ಪ್ರೋಟೀನ್ ಪುಡಿ ಶುರು ಮಾಡಬಹುದೇ? ಇದು ಕೊನೆಯ ಹಂತವೇ?

ಉತ್ತರ: ನಿಮ್ಮ ತಂದೆಯ ವಿಷಯದಲ್ಲಿ ಬಂಧುಗಳ ಮಾತು ತಪ್ಪು. ಬೇಕೆಂದು ಇಳಿಸದ ತೂಕ ತಾನಾಗಿ ಇಳಿಯುತ್ತಿದೆ, ಜೊತೆಗೆ ಹಸಿವೂ ಇಲ್ಲ ಎಂದರೆ ಹೃದಯದ ಹೊರೆ ಇಳಿಯುತ್ತಿದೆ ಎಂದರ್ಥವಲ್ಲ. ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತಿದೆ. ಮುಂದಿನ ತಪಾಸಣೆಯ ದಿನ ಬರಲಿ ಎಂದು ಕಾಯಬೇಡಿ, ಈ ವಾರವೇ ಅವರ ಹೃದಯ ತಜ್ಞರನ್ನು ಕಾಣಿ. ಹಾಗೆಂದು ಇದನ್ನು ಕೊನೆಯ ಹಂತವೆಂದು ಈಗಲೇ ತೀರ್ಮಾನಿಸಬೇಡಿ. ನೀವು ಬರೆದಿರುವುದರಲ್ಲಿ ಸರಿಪಡಿಸಬಹುದಾದ ಸಂಗತಿಗಳು ಸಾಕಷ್ಟಿವೆ.

ಮೊದಲು ತೂಕದ ಲೆಕ್ಕ ನೋಡೋಣ. 72ರಿಂದ 67 ಎಂದರೆ 5 ಕೆಜಿ, ಸುಮಾರು ಶೇ 7. ಇಷ್ಟೇ ಆಗಿದ್ದರೂ ಗಮನ ಕೊಡಬೇಕಾದದ್ದೇ. ಆದರೆ ಅವರ ಕಾಲಲ್ಲಿ, ಹೊಟ್ಟೆಯಲ್ಲಿ ನೀರು ತುಂಬಿದೆ. ಒಂದು ಲೀಟರ್ ನೀರು ಎಂದರೆ ಒಂದು ಕೆಜಿ. ಕಾಲು ಎದ್ದು ಕಾಣುವಷ್ಟು ಊದಿ, ಹೊಟ್ಟೆಯೂ ಉಬ್ಬಿದವರ ಮೈಯಲ್ಲಿ ನಾಲ್ಕೈದು ಲೀಟರ್ ಹೆಚ್ಚುವರಿ ನೀರು ಇರುವುದು ಅಪರೂಪವಲ್ಲ. ನಿಮ್ಮ ತಂದೆಯಲ್ಲೂ ಅಷ್ಟಿದ್ದರೆ ಅವರ ನಿಜವಾದ ತೂಕ 62-63 ಕೆಜಿ. ಆಗ ಒಂದು ವರ್ಷದಲ್ಲಿ ಹೋಗಿರುವುದು ಒಂಬತ್ತು ಹತ್ತು ಕೆಜಿ, ಅಂದರೆ ಶೇ 13ರ ಆಸುಪಾಸು. ಈ ಕಾಯಿಲೆಯಲ್ಲಿ ಕೆಳಗೆ ನೀರು ಏರಿದಷ್ಟೇ ಮೇಲೆ ಮಾಂಸ ಇಳಿಯುತ್ತಿರುತ್ತದೆ. ಹಾಗಾಗಿ ತೂಕ ನೋಡುವ ಯಂತ್ರ ತಿಂಗಳುಗಟ್ಟಲೆ ಒಂದೇ ಅಂಕಿ ತೋರಿಸಿ ಮನೆಯವರನ್ನೂ ವೈದ್ಯರನ್ನೂ ನೆಮ್ಮದಿಯಾಗಿ ಇರಿಸಿಬಿಡಬಹುದು. ನೀವು ಅಂಕಿಯನ್ನು ಬಿಟ್ಟು ಕೆನ್ನೆ, ಭುಜ ನೋಡಿದಿರಲ್ಲ, ಅದು ಸರಿಯಾದ ನೋಟ. ರೆಟ್ಟೆಯ ಸುತ್ತಳತೆ, ಕೈಯ ಹಿಡಿತ, ಕುರ್ಚಿಯಿಂದ ಕೈ ಊರದೆ ಏಳಲು ಆಗುತ್ತದೆಯೇ ಎಂಬುದು, ಇವೆಲ್ಲ ಊತ ಇರುವವರಲ್ಲಿ ತೂಕಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ. ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ, ಅಥವಾ ಗಂಡಸರಲ್ಲಿ ಕೈಯ ಹಿಡಿತ 27 ಕೆಜಿಗಿಂತ ಕಡಿಮೆ ಇದ್ದರೆ ಸ್ನಾಯುಬಲ ಕುಂದಿದೆ ಎಂದು ಪರಿಗಣಿಸುತ್ತಾರೆ.

ಹೃದಯದ ತೊಂದರೆ ಹೊಟ್ಟೆಯವರೆಗೆ ಹೇಗೆ ಬಂತು ಎಂದು ಅನೇಕರು ಕೇಳುತ್ತಾರೆ. ಹೃದಯ ರಕ್ತವನ್ನು ಸರಾಗವಾಗಿ ಮುಂದಕ್ಕೆ ತಳ್ಳದಿದ್ದಾಗ ಅದು ಹಿಂದೆ ನಿಲ್ಲುತ್ತದೆ. ಕಾಲು ಊದುವಂತೆಯೇ ಕರುಳಿನ ಗೋಡೆಯೂ ಊದುತ್ತದೆ, ಲಿವರ್ ಹಿಗ್ಗಿ ಜಠರವನ್ನು ಒತ್ತುತ್ತದೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು ಇದರಿಂದ. ನಿಮ್ಮ ತಂದೆ ಹಟ ಮಾಡುತ್ತಿಲ್ಲ, ಅವರಿಗೆ ನಿಜವಾಗಿಯೂ ಜಾಗವಿಲ್ಲ. ಊದಿದ ಕರುಳು ತಿಂದದ್ದನ್ನೂ ಚೆನ್ನಾಗಿ ಹೀರಿಕೊಳ್ಳುವುದಿಲ್ಲ. ಅದರ ಗೋಡೆ ಸಡಿಲವಾಗಿ ಬ್ಯಾಕ್ಟೀರಿಯಾದ ಅಂಶಗಳು ರಕ್ತಕ್ಕೆ ಸೇರುತ್ತವೆ, ಮೈಯೆಲ್ಲ ಸಣ್ಣ ಪ್ರಮಾಣದ ಉರಿಯೂತ ಸದಾ ಹೊಗೆಯಾಡುತ್ತಿರುತ್ತದೆ. ಉರಿಯೂತದ ರಾಸಾಯನಿಕಗಳು ಮಿದುಳಿನಲ್ಲಿ ಹಸಿವನ್ನು ಅಡಗಿಸುತ್ತವೆ, ಸ್ನಾಯುವಿನಲ್ಲಿ ಪ್ರೋಟೀನನ್ನು ಒಡೆಯುತ್ತವೆ. ಅಡ್ರಿನಲಿನ್ ಜಾತಿಯ ಹಾರ್ಮೋನುಗಳು, ಆಂಜಿಯೊಟೆನ್ಸಿನ್, ಕಾರ್ಟಿಸಾಲ್ ಎಲ್ಲವೂ ಏರಿದ ಸ್ಥಿತಿಯಲ್ಲೇ ಇರುತ್ತವೆ. ಸುಮ್ಮನೆ ಕೂತಿದ್ದರೂ ದೇಹ ಶಕ್ತಿ ಸುಡುತ್ತಿರುತ್ತದೆ. ಉಸಿರಾಡುವುದಕ್ಕೇ ಹೆಚ್ಚು ಶ್ರಮ, ಅಗಿದು ನುಂಗುವಾಗಲೂ ಏದುಸಿರು.

ಇದರ ಮೇಲೆ ಔಷಧಗಳು ಬರುತ್ತವೆ. ನೀರು ಹೋಗುವ ಮಾತ್ರೆಯಿಂದ ಬಾಯಿ ಒಣಗುತ್ತದೆ. ಮೂತ್ರದ ಜೊತೆ ಬಿ1 ಜೀವಸತ್ವ, ಪೊಟ್ಯಾಸಿಯಂ, ಮೆಗ್ನೀಸಿಯಂ ಕೂಡ ಹೊರಹೋಗುತ್ತವೆ. ಡಿಜಾಕ್ಸಿನ್ ಎಂಬ ಹೃದಯದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕಿಡ್ನಿ ಸ್ವಲ್ಪ ಕುಂದಿದರೂ ಅದು ರಕ್ತದಲ್ಲಿ ಹೆಚ್ಚಾಗಿ ವಾಕರಿಕೆ, ಊಟ ಸೇರದಿರುವಿಕೆ ಶುರುವಾಗುತ್ತದೆ. ನಿಮ್ಮ ತಂದೆ ಡಿಜಾಕ್ಸಿನ್ ನುಂಗುತ್ತಿದ್ದರೆ ಮೊದಲು ಅದರ ಮಟ್ಟ ನೋಡಿಸಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ತೂಕವನ್ನು ಒಂದೆರಡು ಕೆಜಿ ಇಳಿಸುತ್ತವೆ. ಆದರೆ ಅವು ಆಯುಸ್ಸು ಕಾಪಾಡುವ ಔಷಧಗಳು, ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ವಾಂತಿಯಾಗಿ ಏನೂ ತಿನ್ನಲಾಗದ ದಿನ ಮಾತ್ರ ವೈದ್ಯರಿಗೆ ಕರೆ ಮಾಡಿ ಕೇಳಿ, ಏಕೆಂದರೆ ಉಪವಾಸವಿದ್ದು ಇವನ್ನು ನುಂಗಿದರೆ ರಕ್ತ ಆಮ್ಲೀಯವಾಗುವ ಅಪಾಯವಿದೆ.

ಕೊನೆಯ ಕಾರಣವನ್ನು ಹೇಳುವಾಗ ನಿಮಗೆ ನೋವಾಗಬಾರದು. ಉಪ್ಪಿಲ್ಲ, ಎಣ್ಣೆಯಿಲ್ಲ, ಮೊಟ್ಟೆಯಿಲ್ಲ, ಬೇಳೆಯಿಲ್ಲ ಎಂದರೆ ತಟ್ಟೆಯಲ್ಲಿ ಉಳಿದದ್ದೇನು? ನನ್ನ ಬಳಿ ಬರುವ ಬಹಳ ಕುಟುಂಬಗಳಲ್ಲಿ ಇದೇ ನಡೆದಿರುತ್ತದೆ. ಹೃದಯದವರು ಒಂದನ್ನು ಬೇಡ ಎನ್ನುತ್ತಾರೆ, ಕಿಡ್ನಿಯವರು ಇನ್ನೊಂದನ್ನು, ಸಕ್ಕರೆ ಕಾಯಿಲೆಯವರು ಮತ್ತೊಂದನ್ನು. ಎಲ್ಲರ ಮಾತನ್ನೂ ಅಕ್ಕರೆಯಿಂದ ಪಾಲಿಸುವ ಮನೆಯಲ್ಲೇ ರೋಗಿ ಹೆಚ್ಚು ಸೊರಗುತ್ತಾನೆ. ಬೇಡ ಎಂದದ್ದರ ಜಾಗಕ್ಕೆ ಏನು ಕೊಡಬೇಕು ಎಂದು ಹೇಳದಿರುವುದು ನಮ್ಮ ವೃತ್ತಿಯ ದೊಡ್ಡ ಕೊರತೆ, ನಿಮ್ಮದಲ್ಲ.

ಈಗ ಬದುಕುಳಿಯುವ ವಿಚಾರ. 1997ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ 171 ಹೃದಯ ವೈಫಲ್ಯದ ರೋಗಿಗಳಿದ್ದರು. ಊತ ಲೆಕ್ಕಕ್ಕೆ ಹಿಡಿಯದೆ ಶೇ 7.5ಕ್ಕಿಂತ ಹೆಚ್ಚು ತೂಕ ಕಳೆದುಕೊಂಡಿದ್ದವರಲ್ಲಿ 18 ತಿಂಗಳಲ್ಲಿ ಅರ್ಧದಷ್ಟು ಜನ ತೀರಿಕೊಂಡಿದ್ದರು, ಉಳಿದವರಲ್ಲಿ ಶೇ 17. ಇಎಫ್, ವಯಸ್ಸು, ನಡೆಯುವ ಶಕ್ತಿ ಇವನ್ನೆಲ್ಲ ಬದಿಗಿಟ್ಟು ನೋಡಿದರೂ ಸೊರಗುವಿಕೆ ತನ್ನಷ್ಟಕ್ಕೇ ಅಪಾಯವಾಗಿತ್ತು. 2003ರಲ್ಲಿ ಇನ್ನೂ ದೊಡ್ಡ ಗುಂಪಿನ ಮಾಹಿತಿ ಪರಿಶೀಲಿಸಿದಾಗ ಶೇ 6ರಷ್ಟು ಇಳಿಕೆಯೇ ಎಚ್ಚರಿಕೆಯ ಗೆರೆ ಎಂದು ಕಂಡಿತು. ಆದರೆ ಈ ಅಂಕಿಗಳನ್ನು ನಿಮ್ಮ ತಂದೆಯ ಭವಿಷ್ಯ ಎಂದು ಓದಬೇಡಿ. 1997ರ ರೋಗಿಗಳಿಗೆ ಇಂದಿನ ಔಷಧಗಳಲ್ಲಿ ಹಲವು ಇರಲೇ ಇಲ್ಲ. 2003ರ ಆ ಅಧ್ಯಯನದಲ್ಲೇ ಇನ್ನೊಂದು ಸಂಗತಿಯೂ ಇತ್ತು: ಎನಲಾಪ್ರಿಲ್ ತೆಗೆದುಕೊಂಡವರಲ್ಲಿ ತೂಕ ಕಳೆದುಕೊಳ್ಳುವ ಸಾಧ್ಯತೆ ಶೇ 19ರಷ್ಟು ಕಡಿಮೆಯಾಗಿತ್ತು. ಹೃದಯದ ಔಷಧವನ್ನು ಸರಿಯಾದ ಪ್ರಮಾಣದಲ್ಲಿ ಕೊಡುವುದೇ ಸೊರಗುವಿಕೆಗೆ ಮೊದಲ ಚಿಕಿತ್ಸೆ. ಮಾತ್ರೆಗಳಿಂದಲೇ ಸೊರಗುತ್ತಿದ್ದಾರೆ ಎಂದು ಅವನ್ನು ಬಿಟ್ಟವರು ಇನ್ನಷ್ಟು ಬೇಗ ಕುಸಿಯುವುದನ್ನು ನಾನು ನೋಡಿದ್ದೇನೆ.

“ದಪ್ಪಗಿರುವವರೇ ಹೆಚ್ಚು ಬದುಕುತ್ತಾರೆ” ಎಂದು ನೀವು ಓದಿದ್ದು ಎಲ್ಲಿಂದಲೋ ಹುಟ್ಟಿದ ಸುಳ್ಳಲ್ಲ. ಎತ್ತರಕ್ಕೆ ಹೋಲಿಸಿದ ತೂಕದ ಅಳತೆಯಾದ ಬಿಎಂಐ ಲೆಕ್ಕದಲ್ಲಿ ಹಲವು ಅಧ್ಯಯನಗಳು ಹಾಗೆಯೇ ತೋರಿಸಿದವು. ಆದರೆ ತೆಳ್ಳಗಿರುವವರ ಗುಂಪಿನಲ್ಲಿ ಕಾಯಿಲೆಯಿಂದ ಸೊರಗಿದವರೂ ಸೇರಿರುತ್ತಾರೆ, ಆ ಗುಂಪಿನ ಸಾವಿನ ಸಂಖ್ಯೆ ಏರುವುದು ಸಹಜ. ಬಿಎಂಐಗೆ ನೀರು, ಕೊಬ್ಬು, ಮಾಂಸ ಯಾವುದರ ಭೇದವೂ ತಿಳಿಯದು. 2023ರಲ್ಲಿ ಪ್ಯಾರಡೈಮ್-ಎಚ್‌ಎಫ್ ಅಧ್ಯಯನದ ರೋಗಿಗಳನ್ನು ಬಿಎಂಐ ಬದಲು ಸೊಂಟದ ಸುತ್ತಳತೆ ಮತ್ತು ಎತ್ತರದ ಅನುಪಾತದಿಂದ ನೋಡಿ, ಕಾಯಿಲೆಯ ಇತರ ಅಂಶಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ದಪ್ಪಗಿರುವುದರಿಂದ ರಕ್ಷಣೆ ಎಂಬುದು ಕಾಣಲಿಲ್ಲ. ಬಂಧುಗಳ ಮಾತೂ ಬೇರೊಬ್ಬರ ವಿಷಯದಲ್ಲಿ ಸರಿಯಾಗಬಹುದಿತ್ತು. ತುಂಬಾ ಬೊಜ್ಜಿದ್ದು, ಹೃದಯ ಹಿಂಡುವ ಶಕ್ತಿ ಚೆನ್ನಾಗಿಯೇ ಇರುವ ಬಗೆಯ ವೈಫಲ್ಯದಲ್ಲಿ ವೈದ್ಯರ ನಿಗಾದಲ್ಲಿ ತೂಕ ಇಳಿಸಿದರೆ ಏದುಸಿರು ಕಡಿಮೆಯಾಗುತ್ತದೆ. ನಿಮ್ಮ ತಂದೆ ಆ ಗುಂಪಿನವರಲ್ಲ. ಅವರಿಗೆ ಕೊಬ್ಬು ಕೂಡಿಸಿ ದಪ್ಪ ಮಾಡುವುದೂ ನಮ್ಮ ಗುರಿಯಲ್ಲ, ಉಳಿದಿರುವ ಸ್ನಾಯುವನ್ನು ಉಳಿಸಿಕೊಳ್ಳಬೇಕು.

ಆಲ್ಬುಮಿನ್ 2.8 ಕಂಡು ಪ್ರೋಟೀನ್ ಸಾಲುತ್ತಿಲ್ಲ ಎಂದು ನೀವು ಅಂದುಕೊಂಡಿರಬಹುದು. ಅದೊಂದೇ ಕಾರಣವಲ್ಲ. ಉರಿಯೂತ ಇದ್ದರೆ ಲಿವರ್ ಆಲ್ಬುಮಿನ್ ತಯಾರಿಸುವುದನ್ನು ತಗ್ಗಿಸುತ್ತದೆ, ಮೈಯಲ್ಲಿ ನೀರು ಹೆಚ್ಚಿದ್ದರೆ ಅದು ತೆಳುವಾಗಿ ಕಾಣುತ್ತದೆ, ಕೆಲವರಲ್ಲಿ ಮೂತ್ರದಲ್ಲಿ ಸೋರುತ್ತದೆ. ಆಲ್ಬುಮಿನ್ ಕಡಿಮೆಯಾದಷ್ಟೂ ಅಪಾಯ ಹೆಚ್ಚು ಎಂಬುದು ನಿಜ, ಆದರೆ ಅದು ಊಟದ ಅಳತೆಗೋಲಲ್ಲ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ಒಮ್ಮೆ ಪರೀಕ್ಷೆ ಮಾಡಿಸಿ. ಆಲ್ಬುಮಿನ್ ಬಾಟಲಿ ಏರಿಸಿದರೆ ಅಪೌಷ್ಟಿಕತೆ ವಾಸಿಯಾಗುವುದಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನೀರಿನಿಂದ. ಊದಿದ ಕರುಳಿಗೆ ಎಷ್ಟೇ ಒಳ್ಳೆಯ ಊಟ ಕೊಟ್ಟರೂ ಮೈಗೆ ಹತ್ತುವುದು ಕಷ್ಟ. ಮಾತ್ರೆಯ ಪ್ರಮಾಣ ಹೆಚ್ಚಿಸಿಯೋ, ಬಾಯಿಂದ ಕೊಟ್ಟದ್ದು ಹೀರದಿದ್ದರೆ ಕೆಲವು ದಿನ ರಕ್ತನಾಳದ ಮೂಲಕ ಕೊಟ್ಟೋ ನೀರು ತೆಗೆದರೆ, ಹಸಿವು ತಾನಾಗಿ ಮರಳುವುದನ್ನು ನಾವು ವಾರ್ಡಿನಲ್ಲಿ ಆಗಾಗ ಕಾಣುತ್ತೇವೆ. ಇದರಿಂದ ಕಿಡ್ನಿಗೆ ಹೊರೆಯಾಗಬಹುದು, ಪೊಟ್ಯಾಸಿಯಂ ಏರುಪೇರಾಗಬಹುದು, ರಕ್ತದೊತ್ತಡ ಇಳಿಯಬಹುದು. ಅದಕ್ಕೇ ರಕ್ತಪರೀಕ್ಷೆಯ ಕಣ್ಗಾವಲಿನಲ್ಲಿ ಆಗಬೇಕು. ನೀರು ಇಳಿದಾಗ ತೂಕ ಇನ್ನಷ್ಟು ಕಡಿಮೆಯಾಗುತ್ತದೆ, ಗಾಬರಿಯಾಗಬೇಡಿ. ಊತ ಹೋದ ಮೇಲಿನ ಅಂಕಿಯೇ ಅವರ ನಿಜವಾದ ತೂಕ, ಅದನ್ನು ಬರೆದಿಟ್ಟುಕೊಂಡು ಮುಂದಿನ ಲೆಕ್ಕವನ್ನೆಲ್ಲ ಅಲ್ಲಿಂದ ಮಾಡಿ. ಅದೇ ಭೇಟಿಯಲ್ಲಿ ಥೈರಾಯ್ಡ್, ಹಲ್ಲು ಮತ್ತು ಬಾಯಿ, ಖಿನ್ನತೆ ಇವನ್ನೂ ನೋಡಿಸಿ. ಇಷ್ಟು ತೂಕ ಇಳಿದಾಗ ಕ್ಯಾನ್ಸರ್, ಕ್ಷಯದಂಥ ಬೇರೆ ಕಾರಣ ಇಲ್ಲವೆಂದು ಖಚಿತಪಡಿಸಿಕೊಳ್ಳುವುದೂ ವೈದ್ಯರ ಕರ್ತವ್ಯ. ಎಲ್ಲವನ್ನೂ ಹೃದಯದ ತಲೆಗೇ ಕಟ್ಟಬಾರದು.

ಉಪ್ಪಿನ ವಿಷಯದಲ್ಲಿ ನೀವು ಬೇಕಾದದ್ದಕ್ಕಿಂತ ಮುಂದೆ ಹೋಗಿದ್ದೀರಿ. ದಿನಕ್ಕೆ 5 ಗ್ರಾಂ ದಾಟದಿರಲಿ ಎಂಬುದು ಸಾಮಾನ್ಯ ಸಲಹೆ. ಅದು ಸುಮಾರು ಒಂದು ಟೀ ಚಮಚ, ಎಲ್ಲ ಆಹಾರದ್ದೂ ಸೇರಿ. ಅದಕ್ಕಿಂತ ಬಿಗಿ ಮಾಡಿದರೆ ಹೆಚ್ಚು ಲಾಭವಿದೆಯೇ ಎಂದು ನೋಡಲು ನಡೆದ ಸೋಡಿಯಂ-ಎಚ್‌ಎಫ್ ಅಧ್ಯಯನ 2022ರಲ್ಲಿ ಪ್ರಕಟವಾಯಿತು. 806 ರೋಗಿಗಳಲ್ಲಿ ಒಂದು ಗುಂಪಿಗೆ ಉಪ್ಪಿನಲ್ಲಿರುವ ಸೋಡಿಯಂ ಅಂಶ ದಿನಕ್ಕೆ 1500 ಮಿಲಿಗ್ರಾಂ ಒಳಗಿರಲಿ ಎಂದು ಹೇಳಿದ್ದರು. ಒಂದು ವರ್ಷದಲ್ಲಿ ಸಾವು ಅಥವಾ ಆಸ್ಪತ್ರೆ ಸೇರುವಿಕೆ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಉಪ್ಪಿನಕಾಯಿ, ಚಿಪ್ಸ್, ಪೊಟ್ಟಣದ ಸೂಪುಗಳಿಗೆ ಬಾಗಿಲು ತೆರೆಯಿರಿ ಎಂದು ಇದರರ್ಥವಲ್ಲ, ಅವು ದೂರವೇ ಇರಲಿ. ಆದರೆ ಅಡುಗೆಗೆ ಚಿಟಿಕೆ ಉಪ್ಪು ಹಾಕಿದರೆ ಇನ್ನೆರಡು ತುತ್ತು ಒಳಗೆ ಹೋಗುವುದಾದರೆ, ಸೊರಗಿದ ರೋಗಿಯಲ್ಲಿ ನಾನು ಆ ಚಿಟಿಕೆ ಉಪ್ಪಿನ ಪರ. ನಿಂಬೆಹಣ್ಣು, ಮೆಣಸು, ಶುಂಠಿ, ಬೆಳ್ಳುಳ್ಳಿ ಧಾರಾಳವಾಗಿ ಬಳಸಿ. ಉಪ್ಪಿಗೆ ಬದಲಿ ಎಂದು ಮಾರುವ ಪುಡಿ ಮಾತ್ರ ಬೇಡವೇ ಬೇಡ. ಅದರಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್. ಹೃದಯ ವೈಫಲ್ಯದ ಹಲವು ಮಾತ್ರೆಗಳು ಪೊಟ್ಯಾಸಿಯಮನ್ನು ಮೈಯಲ್ಲೇ ಉಳಿಸುತ್ತವೆ, ಕಿಡ್ನಿಯೂ ಕುಂದಿರುವಾಗ ಅದು ಹೃದಯದ ಬಡಿತವನ್ನೇ ಕೆಡಿಸಬಲ್ಲದು.

ಕಿಡ್ನಿಗೆ ಹೆದರಿ ಪ್ರೋಟೀನ್ ಕಡಿತ ಮಾಡಿದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತಂದಿತು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಸ್ನಾಯು ಕರಗಿದವರಲ್ಲಿ ಅದರ ಅಂಕಿಯನ್ನು ಹಾಗೆಯೇ ನಂಬುವಂತಿಲ್ಲ, ಕಿಡ್ನಿ ಇರುವುದಕ್ಕಿಂತ ಚೆನ್ನಾಗಿರುವಂತೆ ತೋರಬಹುದು. ಸಿಸ್ಟಾಟಿನ್ ಸಿ ಎಂಬ ಪರೀಕ್ಷೆ ಇಂಥವರಲ್ಲಿ ಹೆಚ್ಚು ಸರಿಯಾದ ಚಿತ್ರ ಕೊಡುತ್ತದೆ. ಕಿಡ್ನಿ ಕುಂದಿದವರಿಗೆ ಪ್ರೋಟೀನ್ ಮಿತಿ ಇರುವುದು ನಿಜ. ಆದರೆ ಡಯಾಲಿಸಿಸ್ ಬೇಕಿಲ್ಲದ, ಸ್ನಾಯು ಸೊರಗಿದ ವೃದ್ಧರಿಗೆ ಪ್ರೋಟೀನ್ ಮತ್ತು ಕ್ಯಾಲೊರಿ ಹೆಚ್ಚಿಸುವುದನ್ನು ಪರಿಗಣಿಸಿ ಎಂದು ಕಿಡ್ನಿ ತಜ್ಞರ 2024ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಹೃದಯ ವೈಫಲ್ಯದಲ್ಲಿ ಪ್ರತಿ ಕೆಜಿ ನಿಜವಾದ ತೂಕಕ್ಕೆ ಕನಿಷ್ಠ 1.1 ಗ್ರಾಂ ಎಂಬ ಸಲಹೆ ಇದೆ. 62 ಕೆಜಿ ಹಿಡಿದರೆ ದಿನಕ್ಕೆ ಸುಮಾರು 68 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6-7 ಗ್ರಾಂ ಇರುತ್ತದೆ. ಇಷ್ಟರಿಂದಲೇ ಅವರಿಗೆ ಎಷ್ಟು ಕಡಿಮೆ ಸಿಗುತ್ತಿದೆ ಎಂಬ ಅಂದಾಜು ನಿಮಗೆ ಬಂದೀತು. ಈ ಗುರಿ ಅವರ ಕಿಡ್ನಿಗೆ ಸರಿಯೇ ಎಂಬುದನ್ನು ಹೃದಯ ತಜ್ಞರು, ಕಿಡ್ನಿ ತಜ್ಞರು, ಡಯಟೀಷಿಯನ್ ಮೂವರೂ ಕೂಡಿ ನಿರ್ಧರಿಸಲಿ. ಬೇರೆ ಬೇರೆ ಕಾಗದದಲ್ಲಿ ಮೂರು ಪಥ್ಯ ಬೇಡ, ಒಂದೇ ಕಾಗದ ಸಾಕು ಎಂದು ಧೈರ್ಯವಾಗಿ ಕೇಳಿ.

ತಟ್ಟೆಯ ಗಾತ್ರ ಕಿರಿದಾಗಲಿ, ಶಕ್ತಿ ಹೆಚ್ಚಲಿ. ದಿನಕ್ಕೆ ಮೂರು ದೊಡ್ಡ ಊಟದ ಬದಲು ಆರು ಸಣ್ಣವು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ, ಅದು ಜಠರದಲ್ಲಿ ಜಾಗ ಹಿಡಿಯುವುದೇ ಇಲ್ಲ. ಕೊಲೆಸ್ಟರಾಲ್ ಭಯದಿಂದ ಎಣ್ಣೆ ಬಿಡಿಸುವ ಹೊತ್ತು ಇದಲ್ಲ. ಮೊದಲ ತುತ್ತು ಮೊಟ್ಟೆಯದೋ ಬೇಳೆಯದೋ ಮೀನಿನದೋ ಆಗಲಿ, ಬೇಯಿಸಿದ ತರಕಾರಿ ಆಮೇಲೆ. ಊಟದ ಜೊತೆ ನೀರು ಕುಡಿದರೆ ಇರುವ ಜಾಗವೂ ತುಂಬುತ್ತದೆ, ಸ್ವಲ್ಪ ಬಿಟ್ಟು ಕುಡಿಯಲಿ. ಇನ್ನು ನೀರಿನ ಮಿತಿ ಎಷ್ಟಿರಬೇಕು ಎಂಬುದನ್ನು ಸದ್ಯ ಊತ ಇರುವುದರಿಂದ ವೈದ್ಯರೇ ಹೇಳಲಿ. ಸ್ಥಿರವಾಗಿರುವ ರೋಗಿಗಳಲ್ಲಿ ದಿನಕ್ಕೆ ಒಂದೂವರೆ ಲೀಟರಿನ ಕಟ್ಟುನಿಟ್ಟು ಹೆಚ್ಚೇನೂ ಸಹಾಯ ಮಾಡಲಿಲ್ಲ, ಬಾಯಾರಿಕೆಯ ಸಂಕಟ ಮಾತ್ರ ಹೆಚ್ಚಿಸಿತು ಎಂದು 2025ರ ಒಂದು ಅಧ್ಯಯನ ತೋರಿಸಿದೆ. ಊತ ಇಳಿದ ಮೇಲೆ ಸಡಿಲಿಕೆ ಕೇಳಬಹುದು.

ಪ್ರೋಟೀನ್ ಪುಡಿಗೆ ಬರುತ್ತೇನೆ. ಊಟದಿಂದ ಗುರಿ ಮುಟ್ಟದಿದ್ದಾಗ ಅದು ಉಪಯುಕ್ತ. ಊಟವನ್ನೇ ಬಿಟ್ಟು ಪುಡಿ ಕುಡಿಸಿದರೆ ಪ್ರಯೋಜನವಿಲ್ಲ. ರೋಗಿಗಳಿಗೆಂದೇ ತಯಾರಾದ, ಕ್ಯಾಲೊರಿಯೂ ಪ್ರೋಟೀನೂ ಎರಡೂ ಇರುವ, ಕಡಿಮೆ ಪ್ರಮಾಣದಲ್ಲಿ ಹೆಚ್ಚು ಶಕ್ತಿ ಕೊಡುವ ಬಗೆ ಸಾಕು. ಮೈ ಹುರಿಗೊಳಿಸುವವರ ಡಬ್ಬಿ ಬೇಡ. ಲೇಬಲ್ಲಿನಲ್ಲಿ ಸೋಡಿಯಂ, ಪೊಟ್ಯಾಸಿಯಂ, ಫಾಸ್ಫರಸ್ ಎಷ್ಟಿದೆ ಎಂದು ಡಯಟೀಷಿಯನ್ನರಿಗೆ ತೋರಿಸಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ವಿಟಮಿನ್ ಕೆ ಕೂಡ ನೋಡಬೇಕು. ಜ್ಯೇಷ್ಠಮಧು ಬೆರೆತ ಪುಷ್ಟಿ ಪುಡಿಗಳು ನೀರು ಹಿಡಿಸಿ ಪೊಟ್ಯಾಸಿಯಂ ಇಳಿಸುತ್ತವೆ, ಅವನ್ನು ಮನೆಗೇ ತರಬೇಡಿ.

ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಬೇಕು. ಬಹಳ ದಿನ ಅರೆಹೊಟ್ಟೆಯಲ್ಲಿದ್ದವರಿಗೆ ಅಕ್ಕರೆಯಿಂದ ಒಮ್ಮೆಲೇ ತುಂಬಾ ಉಣಿಸಿದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ತಟ್ಟನೆ ಕುಸಿಯಬಹುದು. ಅದರಿಂದ ಹೃದಯದ ಲಯ ತಪ್ಪಬಹುದು, ಊತ ಹೆಚ್ಚಬಹುದು. ನಿಮ್ಮ ತಂದೆ ಈ ಅಪಾಯವಿರುವ ಗುಂಪಿನಲ್ಲಿದ್ದಾರೆ. ಆದ್ದರಿಂದ ಮೊದಲು ರಕ್ತಪರೀಕ್ಷೆ, ವೈದ್ಯರು ಹೇಳಿದರೆ ಬಿ1 ಮಾತ್ರೆ, ಆಮೇಲೆ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಕೆ.

ಹಸಿವು ಹೆಚ್ಚಿಸುವ ಮಾತ್ರೆ ಕೊಡಿ ಎಂದು ಕೇಳುವವರು ಬಹಳ. ಮೆಜೆಸ್ಟ್ರಾಲ್ ಹಸಿವು ತರುತ್ತದೆ, ಜೊತೆಗೆ ನೀರು ಹಿಡಿಸುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯ ತರುತ್ತದೆ. ಸ್ಟೀರಾಯ್ಡ್ ನೀರು ಹಿಡಿಸುವುದಲ್ಲದೆ ಸ್ನಾಯುವನ್ನೂ ಕರಗಿಸುತ್ತದೆ. ನಾನು ಇವನ್ನು ಬರೆಯುವುದಿಲ್ಲ. ಬದಲಿಗೆ ಕಬ್ಬಿಣದ ಮಟ್ಟ ನೋಡಿಸಿ: ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಎರಡೂ. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ಕೊರತೆ ಇರಬಹುದು, ಸುಸ್ತಿಗೆ ಅದೇ ಕಾರಣವಾಗಿರಬಹುದು. ಈ ಕಾಯಿಲೆಯಲ್ಲಿ ಬಾಯಿಂದ ನುಂಗುವ ಕಬ್ಬಿಣ ಅಷ್ಟಾಗಿ ಕೆಲಸ ಮಾಡುವುದಿಲ್ಲ, ರಕ್ತನಾಳದ ಮೂಲಕ ಕೊಡಬೇಕಾಗುತ್ತದೆ.

ತಿಂದದ್ದು ಸ್ನಾಯುವಾಗಬೇಕಾದರೆ ಆ ಸ್ನಾಯುವಿಗೆ ಕೆಲಸ ಬೇಕು. ಊತ ಇಳಿದು, ವೈದ್ಯರು ಒಪ್ಪಿದ ಮೇಲೆ ಕುರ್ಚಿಯಿಂದ ಎದ್ದು ಕೂರುವುದು, ರಬ್ಬರ್ ಪಟ್ಟಿ ಎಳೆಯುವುದು, ಮನೆಯೊಳಗೇ ನಡೆಯುವುದು ಸಾಕು. ಮಾತಾಡಲು ಆಗದಷ್ಟು ಏದುಸಿರು ಬಂದರೆ, ಎದೆ ನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ವಿಶ್ರಾಂತಿ ಎಂದು ಹಾಸಿಗೆಯಲ್ಲೇ ಇರಿಸಿದರೆ ಇನ್ನಷ್ಟು ಮೈ ಇಳಿಯುತ್ತದೆ.

ಇಷ್ಟೆಲ್ಲ ಮಾಡಿದರೆ ಆಯುಸ್ಸು ಹೆಚ್ಚುತ್ತದೆಯೇ? ಸ್ಪೇನ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪಿಕ್ನಿಕ್ ಎಂಬ ಅಧ್ಯಯನದಲ್ಲಿ ಆಸ್ಪತ್ರೆ ಸೇರಿದ್ದ, ಅಪೌಷ್ಟಿಕತೆಯೂ ಇದ್ದ 120 ಹೃದಯ ವೈಫಲ್ಯದ ರೋಗಿಗಳಿದ್ದರು. ಅರ್ಧ ಜನಕ್ಕೆ ಆರು ತಿಂಗಳು ಅವರವರಿಗೆ ತಕ್ಕ ಆಹಾರ ಯೋಜನೆ, ಸಲಹೆ, ಅಗತ್ಯವಿದ್ದರೆ ಪೂರಕ ಆಹಾರ ಕೊಟ್ಟರು. ವರ್ಷದ ಕೊನೆಗೆ ಅವರಲ್ಲಿ ಶೇ 20ರಷ್ಟು, ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ 47ರಷ್ಟು ಜನ ತೀರಿಕೊಂಡಿದ್ದರು. ಸ್ವಿಟ್ಜರ್ಲೆಂಡಿನ ಎಫರ್ಟ್ ಅಧ್ಯಯನದಲ್ಲಿದ್ದ 645 ಹೃದಯ ವೈಫಲ್ಯದ ರೋಗಿಗಳಲ್ಲಿ ಆಸ್ಪತ್ರೆಯಲ್ಲೇ ಪೋಷಣೆಗೆ ಗಮನ ಕೊಟ್ಟಾಗ 30 ದಿನಗಳ ಸಾವು ಶೇ 14.8ರಿಂದ 8.4ಕ್ಕೆ ಇಳಿದಿತ್ತು. ಮೊದಲನೆಯದು ಚಿಕ್ಕ ಅಧ್ಯಯನ, ಎರಡನೆಯದು ದೊಡ್ಡದೊಂದರ ಒಂದು ಭಾಗ, ಆದ್ದರಿಂದ ಅಷ್ಟೇ ಲಾಭ ಎಲ್ಲರಿಗೂ ಸಿಗುತ್ತದೆ ಎಂದು ಮಾತು ಕೊಡಲಾರೆ. ಆದರೆ ಎರಡರಲ್ಲೂ ಇದ್ದದ್ದು ದುಬಾರಿ ಔಷಧವಲ್ಲ, ಊಟವನ್ನು ಚಿಕಿತ್ಸೆಯ ಭಾಗವೆಂದು ಬಗೆದ ತಂಡ. ಡಯಟೀಷಿಯನ್ ಇಲ್ಲದೆ ನಡೆಯುವ ಹೃದಯ ವೈಫಲ್ಯದ ಚಿಕಿತ್ಸೆ ಅರೆಬರೆ ಚಿಕಿತ್ಸೆ ಎಂದೇ ನನ್ನ ನಂಬಿಕೆ.

ಕೊನೆಯ ಹಂತವೇ ಎಂಬ ಪ್ರಶ್ನೆಗೆ ಇವತ್ತು ಉತ್ತರ ಹೇಳುವಂತಿಲ್ಲ. ನೀರು ತೆಗೆದು, ಔಷಧ ಸರಿಪಡಿಸಿ, ಎರಡು ಮೂರು ತಿಂಗಳು ಸರಿಯಾಗಿ ಉಣಿಸಿ ನೋಡಿದ ಮೇಲೆ ಉತ್ತರ ಸಿಗುತ್ತದೆ. ಹಿಡಿತ ಬಿಗಿಯಾಗುತ್ತಿದ್ದರೆ, ಕುರ್ಚಿಯಿಂದ ಏಳುವುದು ಸುಲಭವಾಗುತ್ತಿದ್ದರೆ ದಾರಿ ಸರಿಯಿದೆ. ಎಲ್ಲ ಮಾಡಿದರೂ ಸೊರಗುತ್ತಲೇ ಹೋದರೆ, ಪದೇ ಪದೇ ಆಸ್ಪತ್ರೆ ಸೇರಬೇಕಾಗಿ ಬಂದರೆ, ಕಾಯಿಲೆ ಬಹಳ ಮುಂದುವರಿದಿದೆ ಎಂದು ತಿಳಿದು ಸಂಕಟ ತಗ್ಗಿಸಲು ನೆರವಾಗುವ ಉಪಶಾಮಕ ಆರೈಕೆಯ ತಂಡವನ್ನೂ ಜೊತೆಗೆ ಸೇರಿಸಿಕೊಳ್ಳಬೇಕು. ಆ ಹಂತದಲ್ಲಿ ಮೂಗಿನ ಕೊಳವೆ ಹಾಕಿ ಒತ್ತಾಯದಿಂದ ಉಣಿಸಿದರೆ ಆಯುಸ್ಸಿಗಿಂತ ಸಂಕಟವೇ ಹೆಚ್ಚುತ್ತದೆ, ತಂದೆಗೆ ಇಷ್ಟವಾದದ್ದನ್ನು ಇಷ್ಟವಾದಷ್ಟು ಕೊಟ್ಟರೆ ಸಾಕು. ಸದ್ಯಕ್ಕೆ ಈ ವಾರದ ಭೇಟಿಗೆ ಹೋಗುವಾಗ ಕಳೆದ ಮೂರು ದಿನ ಅವರು ನಿಜವಾಗಿ ತಿಂದದ್ದನ್ನೆಲ್ಲ ಬರೆದುಕೊಂಡು ಹೋಗಿ, ಎಲ್ಲ ಮಾತ್ರೆಗಳನ್ನೂ ಒಯ್ಯಿರಿ. ಅದಕ್ಕೂ ಮುಂಚೆ ಮೂರು ದಿನದಲ್ಲಿ ತೂಕ 2 ಕೆಜಿಗಿಂತ ಹೆಚ್ಚು ಏರಿದರೆ, ಮಲಗಿದಾಗ ಉಸಿರು ಕಟ್ಟಿದರೆ, ಅಥವಾ ಒಂದು ಇಡೀ ದಿನ ಏನೂ ತಿನ್ನಲಾಗದಿದ್ದರೆ ನೇರವಾಗಿ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.